ಅಟ್ಟ ಮೇಲೆ ಉರಿದ ಒಲೆ

ಗೆ,
ಮುಖ್ಯಸ್ಥರು ಮತ್ತು ಕಾರ್ಯಕ್ರಮ ನಿರ್ಮಾಪಕರು,
ತಾರೆಯರ ಅಡುಗೆ ಸ್ಪರ್ಧೆಯನ್ನು ಪ್ರಸಾರ ಮಾಡುತ್ತಿರುವ ಕನ್ನಡ ಮನರಂಜನಾ ವಾಹಿನಿ,
ಬೆಂಗಳೂರು.

ವಿಷಯ: ನಮ್ಮ ಊರಿನಲ್ಲಿ ಚಿತ್ರೀಕರಿಸಿದ ಹಳ್ಳಿ ಸುತ್ತಿನ ಸಂಚಿಕೆ ಹಾಗೂ ಹಿಂದಿರುಗಿ ಬಾರದ ಒಂದು ಕೋಲಿನ ಬಗ್ಗೆ.

ಮಾನ್ಯರೇ,

ನಾನು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಬಿಸಿಯೂಟದ ಮುಖ್ಯ ಅಡುಗೆಯವಳು. ಹದಿನಾಲ್ಕು ವರ್ಷಗಳಿಂದ ಇದೇ ಕೆಲಸ. ರಜೆಯ ದಿನಗಳಲ್ಲಿ ಮದುವೆ, ನಾಮಕರಣ, ತಿಥಿ ಎಂದು ಯಾರು ಕರೆದರೂ ನಾವು ಆರು ಜನ ಹೆಂಗಸರು ಜೊತೆಯಾಗಿ ಅಡುಗೆಗೆ ಹೋಗುತ್ತೇವೆ.

ನಿಮ್ಮ ಸ್ಪರ್ಧೆಯ ಮೇಲೆ ಹೊಟ್ಟೆಕಿಚ್ಚಿನಿಂದ ಬರೆಯುತ್ತಿದ್ದೇನೆ ಎಂದು ಭಾವಿಸಬೇಡಿ. ಮೊದಲ ಸಂಚಿಕೆಯಿಂದ ಒಂದನ್ನೂ ಬಿಡದೆ ನೋಡಿದ್ದೇನೆ. ಶನಿವಾರ ರಾತ್ರಿ ಒಂಬತ್ತಕ್ಕೆ ನಮ್ಮ ಮನೆಯಲ್ಲಿ ಒಲೆ ಆರುತ್ತದೆ, ಟಿ.ವಿ. ಹೊತ್ತಿಕೊಳ್ಳುತ್ತದೆ. ಸಿನಿಮಾದಲ್ಲಿ ಹತ್ತು ಜನರನ್ನು ಒಂದೇ ಏಟಿಗೆ ಉರುಳಿಸುವ ಖಳನಾಯಕ ಒಂದು ಈರುಳ್ಳಿಯ ಮುಂದೆ ಕಣ್ಣೀರಿಟ್ಟಾಗ ಬಿದ್ದು ಬಿದ್ದು ನಕ್ಕಿದ್ದೇವೆ. ಧಾರಾವಾಹಿಯಲ್ಲಿ ಸೊಸೆಯಂದಿರನ್ನು ಗಡಗಡ ನಡುಗಿಸುವ ಅತ್ತೆ ಕುಕ್ಕರ್ ಕೂಗಿದ್ದಕ್ಕೆ ಬೆಚ್ಚಿಬಿದ್ದಾಗ ನನ್ನ ನಿಜವಾದ ಅತ್ತೆಗೆ ಆದ ಸಂತೋಷವನ್ನು ಇಲ್ಲಿ ಬರೆದು ಮುಗಿಸಲಾರೆ. ದೊಡ್ಡವರು ಒಲೆಯ ಮುಂದೆ ಸಣ್ಣವರಾಗುವುದನ್ನು ನೋಡುವುದರಲ್ಲಿ ಒಂದು ಸುಖವಿದೆ. ಅದಕ್ಕೇ ನಿಮ್ಮ ತಂಡದವರು ಬಂದು ಊರಿನ ಹುಣಸೆ ತೋಪಿನಲ್ಲಿ ಚಿತ್ರೀಕರಣ ಮಾಡುತ್ತೇವೆ, ನೀವು ಸ್ವಲ್ಪ ಕೈಜೋಡಿಸಬೇಕು ಎಂದಾಗ ಹಿಂದೆಮುಂದೆ ನೋಡದೆ ಒಪ್ಪಿಕೊಂಡೆವು.

ಪ್ರಸಾರವಾದ ಮರುದಿನವೇ ನಿಮ್ಮ ದೂರು ವಿಭಾಗಕ್ಕೆ ಬರೆದಿದ್ದೆ. 2021ರಲ್ಲಿ ತಿದ್ದುಪಡಿಯಾದ ಕೇಬಲ್ ಟೆಲಿವಿಷನ್ ನಿಯಮಗಳ ಪ್ರಕಾರ ವೀಕ್ಷಕರ ದೂರಿಗೆ ವಾಹಿನಿ 24 ಗಂಟೆಯೊಳಗೆ ಸ್ವೀಕೃತಿ ಕೊಡಬೇಕು, 15 ದಿನಗಳೊಳಗೆ ತೀರ್ಮಾನ ತಿಳಿಸಬೇಕು ಎಂದು ಬಿ.ಎ. ಓದುತ್ತಿರುವ ಮಗಳು ಹುಡುಕಿ ಹೇಳಿದಳು. ಸ್ವೀಕೃತಿಯೇನೋ ಬಂತು, ಇಂಗ್ಲಿಷಿನಲ್ಲಿ, ಯಂತ್ರ ಕಳಿಸಿದ್ದು. ಆಮೇಲೆ ಐದು ವಾರ ಕಳೆದರೂ ಸುದ್ದಿಯಿಲ್ಲ. ಹಾಗಾಗಿ ಇನ್ನು ಎಲ್ಲರ ಎದುರಿಗೇ ಹೇಳುತ್ತೇನೆ.

ಸಂಕ್ರಾಂತಿ ಕಳೆದ ಎರಡನೆಯ ಭಾನುವಾರ ಚಿತ್ರೀಕರಣ. ಅವರೆಕಾಯಿಯ ಕಾಲವಾದ್ದರಿಂದ ಹಿತಕಿದ ಬೇಳೆ ಸಾರು ಮತ್ತು ರಾಗಿ ಮುದ್ದೆ ಎಂದು ನೀವೇ ನಿಗದಿ ಮಾಡಿದ್ದಿರಿ. ಸ್ಪರ್ಧಿಗಳಿಗೆ ಕೊಟ್ಟಿದ್ದು ಅರವತ್ತು ನಿಮಿಷ. ಈ ಅರವತ್ತು ನಿಮಿಷದ ಹಿಂದೆ ಏನಿತ್ತು ಎಂಬುದು ನಿಮ್ಮ ವೀಕ್ಷಕರಿಗೆ ತಿಳಿದಿರಲಾರದು. ಶನಿವಾರ ಮಧ್ಯಾಹ್ನ ಮೂವತ್ತು ಕೆ.ಜಿ. ಕಾಯಿ ಬಂತು. ನಾವು ಆರು ಜನ ಕುಳಿತು ಸುಲಿದು, ಹುಳುಕನ್ನು ಆರಿಸಿ, ಕಾಳನ್ನು ನೀರಿಗೆ ಹಾಕಿದಾಗ ಕತ್ತಲಾಗಿತ್ತು. ಬೆಳಗಿನ ಜಾವ ಮೂರಕ್ಕೆ ಎದ್ದು ಹಿತುಕಲು ಕುಳಿತೆವು. ಒಂದೊಂದೇ ಕಾಳನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಮೆಲ್ಲಗೆ ಅದುಮಿದರೆ ಹೊರಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಚಿಮ್ಮುತ್ತದೆ. ಸ್ವಲ್ಪ ಹೆಚ್ಚು ಒತ್ತಿದರೆ ಬೇಳೆ ಎರಡಾಗುತ್ತದೆ, ಕಡಿಮೆ ಒತ್ತಿದರೆ ಕಾಳು ಜಾರಿ ಪಕ್ಕದವಳ ಮಡಿಲಿಗೆ ಹೋಗುತ್ತದೆ. ಜನವರಿಯ ಚಳಿ, ತಣ್ಣೀರು. ಎರಡು ಗಂಟೆ ಕಳೆಯುವಷ್ಟರಲ್ಲಿ ಬೆರಳ ತುದಿ ಮುದುಡಿ ಬೆಳ್ಳಗಾಗುತ್ತದೆ, ಸೊಗಡು ಎರಡು ದಿನ ಸೋಪಿಗೂ ಹೋಗುವುದಿಲ್ಲ. ಸೂರ್ಯ ಹುಟ್ಟುವಾಗ ಎರಡು ಬೇಸಿನ್ ಬೇಳೆ ತಯಾರಾಗಿತ್ತು. ಅದು ಪರದೆಯ ಮೇಲೆ ಗಾಜಿನ ಬಟ್ಟಲುಗಳಲ್ಲಿ, ಮಾಲ್‌ನಿಂದ ತಂದ ಸಾಮಾನಿನ ಹಾಗೆ, ತಾನಾಗಿಯೇ ಪ್ರತ್ಯಕ್ಷವಾಯಿತು.

ಆ ಹೊತ್ತಿಗೆ ನಮ್ಮ ಜೊತೆ ಇನ್ನೊಬ್ಬರಿದ್ದರು ಎಂಬುದನ್ನು ಹೇಳಲೇಬೇಕು. ಸ್ಪರ್ಧಿಗಳಲ್ಲಿ ಒಬ್ಬ ನಟಿ, ಉಳಿದವರು ವ್ಯಾನಿನಲ್ಲಿ ಮಲಗಿದ್ದಾಗ, ಐದು ಗಂಟೆಗೇ ಶಾಲು ಹೊದ್ದುಕೊಂಡು ಬಂದು ನಮ್ಮ ನಡುವೆ ಕುಕ್ಕರಗಾಲಿನಲ್ಲಿ ಕುಳಿತರು. ಬಣ್ಣ ಹಚ್ಚಿದ ಉದ್ದನೆಯ ಉಗುರು, ಹಿತುಕಲು ಹೋದರೆ ಬೇಳೆ ತುಂಡಾಗುತ್ತಿತ್ತು. ಒಂದು ಕಾಳು ಚಿಮ್ಮಿ ಅವರ ಕಣ್ಣಿಗೇ ಬಡಿಯಿತು. "ಅಕ್ಕಾ, ಇದಕ್ಕೆ ನನ್ನ ಮೇಲೆ ಕೋಪ ಬಂದಿದೆ" ಎಂದರು. ನಮ್ಮ ಅತ್ತೆ ನಕ್ಕು, ಆ ಕೈಯನ್ನು ಹಿಡಿದು ಉಗುರು ತಾಗದಂತೆ ಬೆರಳಿನ ಹೊಟ್ಟೆಯಿಂದ ಅದುಮುವುದನ್ನು ಕಲಿಸಿದರು. ಆಕೆ ನಮ್ಮ ಆರೂ ಜನರ ಹೆಸರು ಕೇಳಿ, ತಪ್ಪಿಲ್ಲದೆ ಹೇಳಿ ಒಪ್ಪಿಸಿದರು. ನಿಮ್ಮ ಕ್ಯಾಮೆರಾ ಆಗಿನ್ನೂ ಎದ್ದಿರಲಿಲ್ಲ.

ಹತ್ತು ಗಂಟೆಗೆ ಸ್ಪರ್ಧೆ. ಕೆಲವರ ಕೈಯಲ್ಲಿ ಅಡುಗೆ ಕೆಟ್ಟಿತು, ಅದು ಸಹಜ. ಹಿತಕಿದ ಬೇಳೆಯನ್ನು ಸೌಟಿನಿಂದ ಕೆದಕಬಾರದು, ಪಾತ್ರೆಯನ್ನು ಹಿಡಿದು ಅಲುಗಿಸಬೇಕು. ಒಬ್ಬ ಹೆಸರಾಂತ ನಟರು ಕ್ಯಾಮೆರಾಕ್ಕೆ ಚೆನ್ನಾಗಿ ಕಾಣಲೆಂದು ಗರಗರ ತಿರುಗಿಸಿದರು. ಬೇಳೆ ಗೊಜ್ಜಾಯಿತು, ತಳ ಹತ್ತಿ ಸೀದ ವಾಸನೆ ತೋಪಿನ ಆಚೆಗೂ ಹೋಯಿತು. ಸಮಯ ಮುಗಿಯಿತು, ಕೈ ಮೇಲೆ ಎಂದು ನಿರೂಪಕರು ಕೂಗಿದರು. ಎಲ್ಲರೂ ಕೈ ಎತ್ತಿದರು. ಕ್ಯಾಮೆರಾ ನಿಂತಿತು.

ಆಗ ನಿಮ್ಮ ತಂಡದ ಹುಡುಗನೊಬ್ಬ ಓಡಿ ಬಂದ. ಚಿತ್ರೀಕರಣದವರ ಮಧ್ಯಾಹ್ನದ ಊಟಕ್ಕೆಂದು ಅದೇ ಬೇಳೆಯಿಂದ ನಮ್ಮ ಅತ್ತೆ ಬೇರೆ ಒಲೆಯಲ್ಲಿ ಸಾರು ಮಾಡಿದ್ದರು. "ಅಮ್ಮಾ, ನಿಮ್ಮದು ಎರಡು ಸೌಟು ಕೊಡಿ" ಎಂದ. ಊಟಕ್ಕೆ ಕೇಳುತ್ತಿದ್ದಾನೆ ಎಂದುಕೊಂಡು ಕೊಟ್ಟೆವು. ಅದು ಹೋಗಿ ಬಿದ್ದದ್ದು ಆ ನಟರ ಮಡಕೆಗೆ. ಸೀದದ್ದನ್ನು ತೋಪಿನ ಮರವೊಂದರ ಬುಡಕ್ಕೆ ಸುರಿದರು. ಮಡಕೆಯ ಕೆಳಗೆ ಕರ್ಪೂರ ಹಾಕಿ, ಒಲೆ ಧಗಧಗ ಉರಿಯುವುದನ್ನು ಮತ್ತೊಮ್ಮೆ ಚಿತ್ರೀಕರಿಸಿದರು. ಅಟ್ಟ ಮೇಲೆ ಒಲೆ ಉರಿಯಿತು ಎಂಬ ಗಾದೆಯನ್ನು ಹುಟ್ಟಿದಾಗಿನಿಂದ ಕೇಳಿದ್ದೆ, ಕಣ್ಣಾರೆ ಕಂಡದ್ದು ಅಂದು.

ತೀರ್ಪುಗಾರರು ಒಂದು ಚಮಚ ಬಾಯಿಗಿಟ್ಟು ಕಣ್ಣು ಮುಚ್ಚಿದರು. ಇದರಲ್ಲಿ ಅಜ್ಜಿಯ ಕೈರುಚಿ ಇದೆ ಎಂದರು. ನೂರಕ್ಕೆ ನೂರು ಸತ್ಯ. ಆ ಅಜ್ಜಿ ಕ್ಯಾಮೆರಾದ ಹಿಂದೆ, ತಂತಿಗಳನ್ನು ತುಳಿಯಬಾರದೆಂದು ಕಾಲು ಕೂಡಿಸಿಕೊಂಡು ನಿಂತಿದ್ದರು. ನಟರು ತಮ್ಮ ಬಾಲ್ಯ ನೆನೆದು ಕಣ್ಣೊರೆಸಿಕೊಂಡರು, ಅಂಕ ಸಿಕ್ಕಿತು. ಬೆಳಗಿನ ಜಾವ ನಮ್ಮೊಡನೆ ಕುಳಿತಿದ್ದ ನಟಿ ತಮ್ಮ ಸಾರನ್ನು ತಾವೇ ಮಾಡಿದ್ದರು. ಉಪ್ಪು ಒಂದು ಚಿಟಿಕೆ ಮುಂದಾಗಿತ್ತು. ಅವರು ಆ ವಾರ ಸ್ಪರ್ಧೆಯಿಂದ ಹೊರಗೆ ಹೋದರು. ಆಕೆ ಸೋತದ್ದು ಆ ನಟರಿಗಲ್ಲ, ನಮ್ಮ ಅತ್ತೆಗೆ. ಇದು ಆಕೆಗೆ ಇಂದಿಗೂ ಗೊತ್ತಿಲ್ಲದಿರಬಹುದು. ಆ ನಟರನ್ನೂ ನಾನು ದೂರುವುದಿಲ್ಲ; ಮಡಕೆ ಬದಲಾದಾಗ ಅವರು ಮುಖಕ್ಕೆ ಪೌಡರ್ ಹಚ್ಚಿಸಿಕೊಳ್ಳುತ್ತಿದ್ದರು.

ಮೂರು ವಾರದ ನಂತರ ಪ್ರಸಾರವಾಯಿತು. ಊರೆಲ್ಲ ನಮ್ಮ ಮನೆಯಲ್ಲಿ. ಒಂದು ಗಂಟೆಯ ಸಂಚಿಕೆಯಲ್ಲಿ ನಾವು ಆರು ಜನ ಕಾಣಿಸಿದ್ದು ಕೈಬೀಸುವಾಗ, ಎಣಿಸಿದರೆ ಮೂರು ಸೆಕೆಂಡು. ರುಚಿಯ ಗುಟ್ಟು ಏನು ಎಂದು ನಿರೂಪಕರು ಕೇಳಿದಾಗ ಪರದೆಯ ತುಂಬ ಬಂದದ್ದು ಪ್ರಾಯೋಜಕರ ಮಸಾಲೆ ಪುಡಿಯ ಪೊಟ್ಟಣ. ಆ ಸಾರಿನ ಮಸಾಲೆಯನ್ನು ಅರೆದದ್ದು ನಾನು, ಒರಳಿನಲ್ಲಿ. ತೆಂಗಿನಕಾಯಿ, ಗಸಗಸೆ, ಚಕ್ಕೆ, ಲವಂಗ, ಶುಂಠಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಒಂದು ಹಿಡಿ ಕೊತ್ತಂಬರಿ ಸೊಪ್ಪು. ಪೊಟ್ಟಣವನ್ನು ನಾವು ನೋಡಿದ್ದು ಸಂಜೆ, ತಲೆಗೆ ಐದು ನೂರು ರೂಪಾಯಿಯ ಜೊತೆ ಉಡುಗೊರೆಯಾಗಿ ಕೊಟ್ಟಾಗ. ಈಗಲೂ ನಮ್ಮ ಮನೆಯಲ್ಲಿ ಒಡೆಯದೆ ಇದೆ.

ಅಂದು ನಾಲ್ಕು ಪುಟದ ಇಂಗ್ಲಿಷ್ ಕಾಗದಕ್ಕೆ ಸಹಿ ಹಾಕಿಸಿಕೊಂಡಿರಿ. ಮೊಬೈಲ್‌ನಲ್ಲಿ ತೆಗೆದುಕೊಂಡಿದ್ದ ಅದರ ಫೋಟೊವನ್ನು ಮಗಳು ಆಮೇಲೆ ಓದಿ ಹೇಳಿದಳು: ನಮ್ಮ ಚಿತ್ರ, ಧ್ವನಿ, ಅಡುಗೆಯ ವಿಧಾನ ಎಲ್ಲವೂ ವಾಹಿನಿಯ ಸ್ವತ್ತಂತೆ. ಹಾಗಾದರೆ ಮುಂದಿನ ಸಂಕ್ರಾಂತಿಗೆ ನಮ್ಮ ಮನೆಯಲ್ಲಿ ಹಿತಕಿದ ಬೇಳೆ ಸಾರು ಮಾಡಲು ನಿಮ್ಮ ಅಪ್ಪಣೆ ಪಡೆಯಬೇಕೆ ಎಂದು ಅತ್ತೆ ಕೇಳುತ್ತಿದ್ದಾರೆ. ಅವರು ತಮಾಷೆಗೆ ಕೇಳುತ್ತಿಲ್ಲ.

ಅತ್ತೆಯ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ನಮ್ಮದು ಆಂಧ್ರದ ಗಡಿ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ. ಮುದ್ದೆಯನ್ನು ನಾವು ಒಮ್ಮೆ ಮುದ್ದೆ ಎನ್ನುತ್ತೇವೆ, ಒಮ್ಮೆ ಸಂಗಟಿ ಎನ್ನುತ್ತೇವೆ, ಅದು ಬೇಸರ ಮಾಡಿಕೊಳ್ಳುವುದಿಲ್ಲ. ಅತ್ತೆ ಅವರೆಯ ಸೊಗಡಿನ ಬಗ್ಗೆ ಆಡಿದ ಎರಡು ವಾಕ್ಯ ಕನ್ನಡದಲ್ಲೇ ಇದ್ದವು. ನೀವು ಅದರ ಕೆಳಗೆ ಕನ್ನಡದಲ್ಲೇ ಅಡಿಬರಹ ಹಾಕಿ, ನಗುವಿನ ಸದ್ದು ಸೇರಿಸಿದಿರಿ. ನಿರೂಪಕರು ಅವರ ರಾಗವನ್ನು ಅಣಕಿಸಿದರು. ಎಪ್ಪತ್ತು ದಾಟಿದ ಹೆಂಗಸು, ಅಂದು ರಾತ್ರಿ ಮಾತಿಲ್ಲದೆ ಎದ್ದು ಒಳಗೆ ಹೋದರು.

ಇನ್ನು ಮುದ್ದೆ. ಅದನ್ನು ಸ್ಪರ್ಧಿಗಳಿಂದ ಅಗಿಸಿ, ಮುಖ ಕಿವುಚಿಸಿ, ಸಿಮೆಂಟ್ ಎಂದು ಕರೆದು ಹತ್ತು ನಿಮಿಷ ಓಡಿಸಿದಿರಿ. ಸ್ವಾಮಿ, ಮುದ್ದೆಯನ್ನು ಅಗಿಯುವುದಿಲ್ಲ. ಮುರಿದು, ಸಾರಿನಲ್ಲಿ ಅದ್ದಿ, ನುಂಗುವುದು. ಅಗಿದರೆ ಹಲ್ಲಿಗೆ ಅಂಟುತ್ತದೆ, ಅದು ರಾಗಿಯ ದೋಷವಲ್ಲ. ಎಸರು ಕುದಿಯುವಾಗ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿದು, ಕೈ ಹಾಕದೆ ಬೇಯಲು ಬಿಟ್ಟು, ಆಮೇಲೆ ಪಾತ್ರೆಯನ್ನು ಕವೆಗೋಲಿನಿಂದ ಒತ್ತಿ ಹಿಡಿದು ಗಂಟಿಲ್ಲದಂತೆ ತೊಳಸುವುದು ತೋಳಿನ ಕಸುವು ಬೇಡುವ ಕೆಲಸ. ನಿಮ್ಮ ಸ್ಪರ್ಧಿಗಳ ಮುದ್ದೆಯಲ್ಲಿ ನೆಲ್ಲಿಕಾಯಿ ಗಾತ್ರದ ಗಂಟುಗಳಿದ್ದವು. ನಗಬೇಕಿದ್ದರೆ ಅದನ್ನು ತೋರಿಸಿ ನಗಬಹುದಿತ್ತು, ನಾವೂ ನಗುತ್ತಿದ್ದೆವು. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿದಾಗ ನಿಮ್ಮದೇ ವಾಹಿನಿಯಲ್ಲಿ ರಾಗಿಯ ಮಹಿಮೆ ಕೇಳಿದ್ದು ನನಗೆ ನೆನಪಿದೆ. ಈ ಸಂಚಿಕೆ ಬಂದ ಸೋಮವಾರ ನಮ್ಮ ಶಾಲೆಯಲ್ಲಿ ಐದನೆಯ ತರಗತಿಯ ಹುಡುಗನೊಬ್ಬ ರಾಗಿ ಮಾಲ್ಟ್ ಲೋಟವನ್ನು ಹಿಂದಕ್ಕೆ ತಳ್ಳಿ ಸಿಮೆಂಟ್ ನೀರು ಎಂದ. ಅವನ ಅಪ್ಪ ರಾಗಿ ಬೆಳೆಯುತ್ತಾನೆ.

ಅದೇ ಸಂಚಿಕೆಯಲ್ಲಿ ನೀವು ಕುಣಿಸಿ ತೋರಿಸಿದ ಟೊಮೆಟೊ ಎರಚಾಟದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಬೆಲೆ ಬಿದ್ದಾಗ ಕೋಲಾರದ ಮಾರುಕಟ್ಟೆಯಿಂದ ವಾಪಸ್ ಬರುವಾಗ ನಾವೂ ಹಣ್ಣನ್ನು ರಸ್ತೆ ಬದಿಗೆ ಸುರಿದವರೇ. 2023ರ ಜುಲೈನಲ್ಲಿ 15 ಕೆ.ಜಿ.ಯ ಒಂದು ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿದಾಗ ತೋಟಕ್ಕೆ ರಾತ್ರಿ ಕಾವಲು ಕುಳಿತವರೂ ನಾವೇ. ಸುರಿಯುವಾಗ ಯಾರೂ ಕುಣಿಯುವುದಿಲ್ಲ, ಅಷ್ಟೆ. ವರ್ಷವಿಡೀ ಹರಿಯುವ ನದಿಯಿಲ್ಲದ ಜಿಲ್ಲೆಯಲ್ಲಿ ಅಂಗಳ ಒದ್ದೆಯಾಗಿ ಹೊಳೆಯಲೆಂದು ಎರಡು ಟ್ಯಾಂಕರ್ ನೀರು ಚೆಲ್ಲಿಸಿದ್ದನ್ನೂ ಇಲ್ಲೇ ಸೇರಿಸಿಕೊಳ್ಳಿ.

ಮನರಂಜನೆ ಎಂದರೆ ಹೀಗೇ ಎಂದು ನೀವು ಹೇಳಬಹುದು. ಹಾಗೇನೂ ಇಲ್ಲ. ಇಂಗ್ಲೆಂಡಿನ ಬಿಬಿಸಿ 1990ರಲ್ಲಿ ಮಾಸ್ಟರ್‌ಚೆಫ್ ಎಂಬ ಅಡುಗೆ ಸ್ಪರ್ಧೆ ಶುರುಮಾಡಿತು, 2006ರಲ್ಲಿ ಪ್ರಸಿದ್ಧರಿಗೆಂದೇ ಒಂದು ಆವೃತ್ತಿ ತಂದಿತು. ಹಿಂದಿಯಲ್ಲಿ ಸಾಮಾನ್ಯರ ಸ್ಪರ್ಧೆ 2010ರಲ್ಲಿ ಬಂತು, ತಾರೆಯರದು 2025ರಲ್ಲಿ. ಕೆ.ಜಿ.ಎಫ್. ಕಡೆಯ ನೆಂಟರ ಮನೆಗೆ ಹೋದಾಗ 2019ರಲ್ಲಿ ಆರಂಭವಾದ ತಮಿಳಿನ 'ಕುಕು ವಿತ್ ಕೋಮಾಳಿ'ಯನ್ನೂ ನೋಡಿದ್ದೇನೆ. ಅದರಲ್ಲಿ ಅಡುಗೆ ಬಾರದ ಕೋಮಾಳಿಯನ್ನು, ಅಂದರೆ ವಿದೂಷಕನನ್ನು, ಸ್ಪರ್ಧಿಯ ಜೊತೆಗೆ ಕಟ್ಟಿ ನಗಿಸುತ್ತಾರೆ. ಆದರೆ ನಗೆಗೆ ಈಡಾಗುವವರು ಸಂಭಾವನೆ ಪಡೆದು ವೇದಿಕೆ ಹತ್ತಿದವರು. ಹೆಸರು ಪರದೆಯ ಮೇಲಿರುತ್ತದೆ. ಊರಿಗೆ ಬಂದು, ಕೈ ಬಾಯಿ ಎರಡನ್ನೂ ಎರವಲು ಪಡೆದು, ಕೈಯನ್ನು ಮುಚ್ಚಿಟ್ಟು ಬಾಯಿಯನ್ನು ಅಣಕಿಸುವುದು ಬೇರೆ.

ನಾನೇಕೆ ಇಷ್ಟು ಹಟ ಹಿಡಿದಿದ್ದೇನೆ ಎಂದರೆ, ಗಡಿಯಾರದ ಎದುರು ಅಡುಗೆ ಮಾಡುವುದು ನನಗೆ ದಿನನಿತ್ಯದ ಕೆಲಸ. ಐದನೆಯ ತರಗತಿಯವರೆಗಿನ ಮಗುವಿಗೆ ದಿನಕ್ಕೆ 100 ಗ್ರಾಂ ಅಕ್ಕಿ, 20 ಗ್ರಾಂ ಬೇಳೆ. ಆರು, ಏಳನೆಯ ತರಗತಿಗೆ 150 ಗ್ರಾಂ, 30 ಗ್ರಾಂ. ಹಾಜರಾತಿ ನೋಡಿ ಲೆಕ್ಕ ಹಾಕಿ, ತೂಗಿ, ತೊಳೆದು, ಬೇಯಿಸಿ, ಊಟದ ಗಂಟೆ ಬಾರಿಸುವ ಮೊದಲೇ ಮುಗಿಸಬೇಕು. ಮಕ್ಕಳಿಗೆ ಬಡಿಸುವ ಮುನ್ನ ಶಿಕ್ಷಕರು ರುಚಿ ನೋಡಿ ಪುಸ್ತಕದಲ್ಲಿ ಸಹಿ ಹಾಕುತ್ತಾರೆ. ನಮ್ಮ ತೀರ್ಪುಗಾರರು ಕಣ್ಣು ಮುಚ್ಚಿ ತಲೆದೂಗುವುದಿಲ್ಲ, ಉಪ್ಪು ಸರಿಯಿದೆ ಎಂದು ಬರೆದು ತರಗತಿಗೆ ಹೋಗುತ್ತಾರೆ. ತಿಂಗಳ ಗೌರವಧನ ಐದು ಸಾವಿರ ರೂಪಾಯಿಯನ್ನು ಮುಟ್ಟುವುದಿಲ್ಲ. ಅನ್ನದಲ್ಲಿ ಒಂದು ಹುಳು ಸಿಕ್ಕಿದರೆ ನನ್ನ ಹೆಸರು ಅರ್ಧ ಗಂಟೆಯಲ್ಲಿ ಮೇಲಿನ ಕಚೇರಿಯವರೆಗೂ ತಲುಪುತ್ತದೆ. ಕೆಟ್ಟಾಗ ಇಷ್ಟು ಸುಲಭವಾಗಿ ಸಿಗುವ ಹೆಸರು, ಚೆನ್ನಾಗಿದ್ದಾಗ ಏಕೆ ಯಾರಿಗೂ ಸಿಗುವುದಿಲ್ಲ?

ಆದ್ದರಿಂದ ನನ್ನ ಕೋರಿಕೆ. ಆ ದಿನ ಮಡಕೆ ಬದಲಾಯಿತು ಎಂದು ಮುಂದಿನ ಸಂಚಿಕೆಯಲ್ಲಿ ನೀವೇ ಹೇಳಬೇಕು. ಹೊರಗೆ ಹೋದ ನಟಿಯನ್ನು ಮತ್ತೆ ಕರೆಸಬೇಕು. ಯಾರು ಯಾರನ್ನೋ ವೈಲ್ಡ್ ಕಾರ್ಡ್ ಎಂದು ಒಳಗೆ ಬಿಡುತ್ತೀರಿ, ಉಪ್ಪು ಹೆಚ್ಚಾದರೂ ತಮ್ಮ ಕೈಯಿಂದಲೇ ಮಾಡಿದವರಿಗೆ ಒಂದು ಜಾಗ ಕಷ್ಟವಾಗಲಾರದು. ಸಂಚಿಕೆಯ ಕೊನೆಯಲ್ಲಿ ಕೇಶವಿನ್ಯಾಸದವರ ಹೆಸರು ಬರುತ್ತದೆ, ಬಟ್ಟೆ ಕೊಟ್ಟ ಅಂಗಡಿಯ ಹೆಸರು ಬರುತ್ತದೆ. ಕಾಳು ಸುಲಿದವರ, ಮಸಾಲೆ ಅರೆದವರ ಹೆಸರೂ ಓದಲು ಆಗುವಷ್ಟು ಹೊತ್ತು ಬರಲಿ. ಮುಂದೆ ಯಾವುದೇ ಊರಿಗೆ ಹೋದರೂ ಒಪ್ಪಂದದ ಕಾಗದ ಕನ್ನಡದಲ್ಲಿರಲಿ, ಸಹಿಗೆ ಮೊದಲು ಯಾರಾದರೂ ಓದಿ ಹೇಳಲಿ. ಕೂಲಿಯನ್ನು ಉಡುಗೊರೆ ಎನ್ನಬೇಡಿ. ನನ್ನ ಅತ್ತೆಯ ಮಾತಿನ ಕೆಳಗೆ ಹಾಕಿದ ಅಡಿಬರಹವನ್ನೂ ನಗುವಿನ ಸದ್ದನ್ನೂ ಮರುಪ್ರಸಾರದಲ್ಲಿ ತೆಗೆದುಹಾಕಿ.

ಹೆಸರಿಗಾಗಿ ಇಷ್ಟೆಲ್ಲ ಬರೆದವಳು ಕೆಳಗೆ ಹೆಸರು ಹಾಕಿಲ್ಲವೇಕೆ ಎಂದು ಓದುವವರು ಕೇಳಬಹುದು. ನಿಮ್ಮ ಕಚೇರಿಗೆ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿರುವ ಪ್ರತಿಯಲ್ಲಿ ಆರೂ ಜನರ ಹೆಸರಿದೆ, ಐದು ಸಹಿ, ಒಂದು ಹೆಬ್ಬೆಟ್ಟು. ಅವು ಮೊದಲು ಕಾಣಿಸಬೇಕಾದ ಜಾಗ ನಿಮ್ಮ ಪರದೆ.

ಕೊನೆಯದಾಗಿ ಆ ಕೋಲು. ಅತ್ತೆ ಮದುವೆಯಾಗಿ ಬಂದಾಗ ಮಾವ ಮಾಡಿಸಿಕೊಟ್ಟ ಹುಣಸೆ ಮರದ ಮುದ್ದೆ ಕೋಲು, ಹಿಡಿಯುವ ಕಡೆ ಬೆರಳಿನ ಅಚ್ಚು ಬಿದ್ದು ಸವೆದಿದೆ. ಚಿತ್ರೀಕರಣಕ್ಕೆಂದು ನಿಮ್ಮವರು ತೆಗೆದುಕೊಂಡರು, ಸಂಜೆ ಸಾಮಾನಿನ ಜೊತೆ ವ್ಯಾನಿಗೆ ಹೋಯಿತು. ಈಗ ಅದು ನಿಮ್ಮ ಸ್ಟುಡಿಯೊದ ಗೋಡೆಯ ಮೇಲೆ, ಮೊರ ಮತ್ತು ಲಾಟೀನಿನ ನಡುವೆ, ಅಲಂಕಾರಕ್ಕೆ ನೇತಾಡುತ್ತಿದೆ. ಪ್ರತಿ ಶನಿವಾರ ಅದು ಪರದೆಯ ಮೇಲೆ ಬಂದಾಗ ಅತ್ತೆ ಬೆರಳು ತೋರಿಸುತ್ತಾರೆ. ದಯವಿಟ್ಟು ಕಳಿಸಿಕೊಡಿ. ಕಳಿಸುವ ಮೊದಲು ಸ್ವಲ್ಪ ಎಣ್ಣೆ ಸವರಿ, ಎ.ಸಿ.ಯಲ್ಲಿ ಒಣಗಿ ಸೀಳು ಬಿಟ್ಟೀತು.

ಇಂತಿ ತಮ್ಮ ವಿಶ್ವಾಸಿ,
ಸರ್ಕಾರಿ ಶಾಲೆಯೊಂದರ ಮುಖ್ಯ ಅಡುಗೆಯವಳು,
ಶ್ರೀನಿವಾಸಪುರ ತಾಲ್ಲೂಕು, ಕೋಲಾರ ಜಿಲ್ಲೆ.